ತತ್ತಿಗೊಂದು ಇಡುಗಂಟು



ಇವತ್ತಿನ ಈ ಉಪನ್ಯಾಸದ ದತ್ತಿ ಇಟ್ಟವರು ತೊಗರಿ ಅಡತಿ ಮಾಡಿಕೊಂಡಿದ್ದ ಒಂದು ಮನೆತನದವರು. ತಮ್ಮ ಹೆಸರು ಎಲ್ಲಿಯೂ ಬರಬಾರದು ಅಂತ ಷರತ್ತು ಹಾಕಿ ಐವತ್ತು ಸಾವಿರ ರೂಪಾಯಿ ಬ್ಯಾಂಕಿಗೆ ಹಾಕಿದರು. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು. ಇಟ್ಟಾಗ ಆ ಬಡ್ಡಿಯಲ್ಲಿ ಮಾತಾಡುವವರ ಬಸ್ ಚಾರ್ಜು, ಬಂದವರಿಗೆಲ್ಲ ಸುಸಲಾ–ಚಹಾ, ಉಪನ್ಯಾಸದ ಪುಸ್ತಿಕೆ ಮೂರೂ ಆಗುತ್ತಿದ್ದವು. ಈಗ ಪುಸ್ತಿಕೆ ಅಚ್ಚು ಮಾಡಿಸಲು ನೀವು ಪಟ್ಟಿ ಎತ್ತಬೇಕಾಗಿದೆ. ಅಸಲು ಹಾಗೇ ಇದೆ, ಒಂದು ಪೈಸೆಯೂ ಕಳೆದಿಲ್ಲ. ಆದರೂ ಅದರ ಕಸುವು ಇಳಿದಿದೆ. ನಾನು ಹೇಳಬೇಕೆಂದಿರುವ ದೊಡ್ಡ ಇಡುಗಂಟಿನ ಮಾತಿಗೂ ಈ ಸಣ್ಣ ಇಡುಗಂಟಿಗೂ ನಂಟಿದೆ.

ನಾನು ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿದವನು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕು ಬಿಟ್ಟು ಆಚೆ ಹೋಗಲಿಲ್ಲ. ಹೋದ ವರ್ಷ ಶ್ರಾವಣ ಕಳೆದ ಮೇಲೆ ಜೇವರ್ಗಿ ಕಡೆಯ ಒಂದು ಎರೆಭೂಮಿ ಊರಿನ ಶಾಲೆಗೆ ಹೋಗಿದ್ದೆ. ಹಿಂದೆ ಅಲ್ಲಿ ಆರು ವರ್ಷ ಇದ್ದೆ. ಬೆಳಗಿನ ಪಾಠ ನಡೆದಿತ್ತು. ಅಡುಗೆಮನೆಯ ಹಿಂದೆ ನಳದ ಬುಡದಲ್ಲಿ ಅಡುಗೆಯ ಅಕ್ಕ ಕೂತು ತತ್ತಿ ಸುಲಿಯುತ್ತಿದ್ದಳು. ಪುಸ್ತಕದಲ್ಲಿ ಮೊಟ್ಟೆ, ನಮ್ಮ ಬಾಯಲ್ಲಿ ತತ್ತಿ. ನೂರಾ ಎಂಬತ್ತಕ್ಕೂ ಮೇಲೆ ಇದ್ದವು. ಕೈ ನಿಲ್ಲಿಸದೇ ನನಗೊಂದು ಪಾಠ ಹೇಳಿದಳು: "ಸರ, ನಾಕು ದಿನದ ಹಳೇ ತತ್ತಿ ಲಗೂ ಸುಲೀತದ. ತಾಜಾ ಇದ್ರ ಸಿಪ್ಪಿ ಹತ್ಕೊಂಡು ಅರ್ಧ ತತ್ತಿನೇ ಹೋಗ್ತದ ನೋಡ್ರಿ." ಅರೆ ಹರಿದ ತತ್ತಿಗಳನ್ನು ಒಂದು ಬೋಗುಣಿಯಲ್ಲಿ ಬೇರೆ ಇಟ್ಟಿದ್ದಳು. ಅವು ದೊಡ್ಡ ಹುಡುಗರಿಗೆ. ಒಂದನೆತ್ತೆಯ ಕೂಸುಗಳಿಗೆ ಇಡೀ ತತ್ತಿಯೇ ಬೇಕು, ಹರಿದದ್ದು ಕೊಟ್ಟರೆ ಅಳುತ್ತವೆ ಅಂದಳು.

ಆಮೇಲೆ ಕೇಳಿದಳು: "ಇದು ಯಾರ ರೊಕ್ಕ ಸರ? ಸರಕಾರದ್ದೇನು?"

"ಎರಡು ದಿನದ್ದು ಸರಕಾರದ್ದು. ನಾಲ್ಕು ದಿನದ್ದು ಬೆಂಗಳೂರಿನ ಪ್ರೇಮ್‌ಜಿ ಅನ್ನೋರದ್ದು ಅವ್ವ."

"ಅವರು ಕೊಡೋದು ಬಿಟ್ರ?"

ನಾನು ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ಭೀಮಾ ಸೇತುವೆ ದಾಟುವಾಗಲೂ ಆ ಮಾತು ತಲೆಯಲ್ಲೇ ಇತ್ತು. ಅವಳಿಗೆ ಅವತ್ತು ಕೊಡದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಕೊಡಲು ನೋಡುತ್ತೇನೆ.

ಮೊದಲು ಲೆಕ್ಕ. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವೂ ಕರ್ನಾಟಕ ಸರಕಾರವೂ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಒಂದರಿಂದ ಹತ್ತನೇ ತರಗತಿಯವರೆಗಿನ ಸುಮಾರು 55 ಲಕ್ಷ ಮಕ್ಕಳಿಗೆ ವಾರದಲ್ಲಿ ಎರಡು ದಿನ ಇದ್ದ ತತ್ತಿ ಆರು ದಿನಕ್ಕೆ ಏರಿತು. ತಿನ್ನದವರಿಗೆ ಬಾಳೆಹಣ್ಣು. ಹೆಚ್ಚಿನ ನಾಲ್ಕು ದಿನದ ಖರ್ಚಿಗೆ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಪ್ರತಿಷ್ಠಾನ ಕೊಡುತ್ತದೆ. ತತ್ತಿಗೆ ಆರು ರೂಪಾಯಿಯಂತೆ 55 ಲಕ್ಷ ಮಕ್ಕಳಿಗೆ ದಿನಕ್ಕೆ 3 ಕೋಟಿ 30 ಲಕ್ಷ ಆಗುತ್ತದೆ. ವರ್ಷದಲ್ಲಿ ಇಂಥ ನೂರೈವತ್ತು ದಿನ ಹಿಡಿದರೆ ಸುಮಾರು ಐನೂರು ಕೋಟಿ. ಮೂರು ವರ್ಷಕ್ಕೆ ಒಂದೂವರೆ ಸಾವಿರ ಕೋಟಿ. ಐದನೆತ್ತೆಯ ಹುಡುಗರೂ ಮಾಡಬಹುದಾದ ಗುಣಾಕಾರ ಇದು.

ಇಷ್ಟು ಹಣ ಒಬ್ಬ ಮನುಷ್ಯನ ಗಳಿಕೆಯಿಂದ ಬರುತ್ತದೆ ಅಂದರೆ ಆ ಮನುಷ್ಯ ಯಾರು, ಯಾಕೆ ಕೊಡುತ್ತಾನೆ ಅಂತ ಕೇಳುವುದು ಕೃತಘ್ನತೆ ಅಲ್ಲ. ಉಣ್ಣುವವನು ಅಡುಗೆಮನೆ ನೋಡಿಬಂದ ಹಾಗೆ.

ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಅಮಳನೇರದಲ್ಲಿ ಅಜೀಂ ಪ್ರೇಮ್‌ಜಿಯವರ ತಂದೆ ಎಂ. ಎಚ್. ಪ್ರೇಮ್‌ಜಿ 1945ರಲ್ಲಿ ಎಣ್ಣೆ, ವನಸ್ಪತಿ ಮಾಡುವ ಗಿರಣಿ ಕಟ್ಟಿದರು. ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್ ಅಂತ ಅದರ ಹೆಸರು. ಶೇಂಗಾ ಬೆಳೆಯುವ ಸೀಮೆ ಅದು, ಹೆಚ್ಚುಕಡಿಮೆ ನಮ್ಮಂಥದೇ ನೆಲ. 1966ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ 21 ವರ್ಷ, ಅಮೆರಿಕಾದ ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದ. ಓದು ಅರ್ಧಕ್ಕೆ ಬಿಟ್ಟು ಬಂದು ಗಿರಣಿ ಹಿಡಿದ. ಎಣ್ಣೆಯಿಂದ ಸಾಬೂನು, ಆಮೇಲೆ ಕಂಪ್ಯೂಟರು, ಸಾಫ್ಟ್‌ವೇರು. 1977ರಲ್ಲಿ ಕಂಪನಿಯ ಹೆಸರೂ ಬದಲಾಗಿ ವಿಪ್ರೋ ಆಯಿತು. ಅಮಳನೇರದಲ್ಲಿ ಆಗ ಷೇರು ಕೊಂಡು ಮಾರದೇ ಇಟ್ಟುಕೊಂಡ ಸಾಮಾನ್ಯ ಮನೆಗಳು ಕೋಟ್ಯಧೀಶರಾದ ಕಥೆ ದೇಶಕ್ಕೆಲ್ಲ ಗೊತ್ತು.

ಕೊಡುವ ಬುದ್ಧಿಯ ಬೇರನ್ನು ಪ್ರೇಮ್‌ಜಿ ತಮ್ಮ ತಾಯಿಯಲ್ಲಿ ತೋರಿಸುತ್ತಾರೆ. ಗುಲ್‌ಬಾನೂ ಪ್ರೇಮ್‌ಜಿ ವೈದ್ಯಕೀಯ ಓದಿದವರು. ಪೋಲಿಯೋ ಬಡಿದ ಮಕ್ಕಳಿಗಾಗಿ ಮುಂಬಯಿಯಲ್ಲಿ ಮೂಳೆ ಆಸ್ಪತ್ರೆ ಕಟ್ಟಿ ನಡೆಸಲು ಬದುಕೆಲ್ಲ ಸವೆಸಿದರು, ಆರಂಭದ ದಿನಗಳಲ್ಲಿ ಹಣಕ್ಕಾಗಿ ಅಲೆದರು. ಇನ್ನೊಂದು ಬೇರು ಗಾಂಧೀಜಿ ಹೇಳಿದ ಧರ್ಮದರ್ಶಿತ್ವ: ಸಿರಿವಂತ ತನ್ನ ಸಿರಿಯ ಒಡೆಯನಲ್ಲ, ಅದನ್ನು ಕಾಯುವವನು. 2013ರಲ್ಲಿ ಸಂಪತ್ತಿನ ಅರ್ಧಕ್ಕಿಂತ ಹೆಚ್ಚು ಕೊಟ್ಟುಬಿಡುವ ಜಾಗತಿಕ ಪ್ರತಿಜ್ಞೆಗೆ ಸಹಿ ಹಾಕಿದ ಮೊದಲ ಭಾರತೀಯ ಅವರು. 2019ರ ಮಾರ್ಚ್‌ನಲ್ಲಿ ವಿಪ್ರೋದ ಶೇ. 34ರಷ್ಟು ಷೇರುಗಳ ಲಾಭವನ್ನು, ಅಂದಿನ ಬೆಲೆಯಲ್ಲಿ 52,750 ಕೋಟಿ, ತಿರುಗಿ ಪಡೆಯಲಾಗದ ಹಾಗೆ ಪ್ರತಿಷ್ಠಾನದ ಇಡುಗಂಟಿಗೆ ಬರೆದುಕೊಟ್ಟರು. ಹಿಂದಿನದೂ ಸೇರಿ ವಿಪ್ರೋದ ಶೇ. 67ರಷ್ಟು ಷೇರಿನ ಲಾಭ ಆಗ ಈ ಇಡುಗಂಟಿನದಾಯಿತು. ಅಂದಿನ ಲೆಕ್ಕದಲ್ಲಿ ಒಟ್ಟು 1,45,000 ಕೋಟಿ.

ನಮ್ಮ ಕಟ್ಟೆಗಳಲ್ಲಿ ಒಂದು ಮಾತು ಕೇಳುತ್ತೇನೆ: ತೆರಿಗೆ ಉಳಿಸಲು ಇವರೆಲ್ಲ ಕೊಡುತ್ತಾರೆ ಅಂತ. ಮೂವತ್ತು ಉಳಿಸಲು ನೂರು ಬಿಟ್ಟುಕೊಡುವ ಸಾಹುಕಾರನನ್ನು ನಾನಂತೂ ಕಂಡಿಲ್ಲ. ಪ್ರೇಮ್‌ಜಿಯವರ ಉದ್ದೇಶ ಶುದ್ಧವಾದದ್ದು ಅಂತಲೇ ನನ್ನ ನಂಬಿಕೆ. ಆದರೆ ಉದ್ದೇಶ ಶುದ್ಧ ಅಂದ ಮಾತ್ರಕ್ಕೆ ವಿಚಾರ ಮುಗಿಯುವುದಿಲ್ಲ. ಮಳೆಯ ಉದ್ದೇಶವೂ ಒಳ್ಳೆಯದೇ, ಹಾಗಂತ ರೈತ ಬದು ಹಾಕದೇ ಇರುತ್ತಾನೆಯೇ?

ಈಗ ಇಡುಗಂಟಿನ ಒಳಗಿನ ಅಪಾಯಕ್ಕೆ ಬರುತ್ತೇನೆ. ಅದನ್ನು ತೊಗರಿಯಿಂದಲೇ ಹೇಳಬೇಕು.

ನನ್ನ ಮುತ್ಯಾ ಆಳಂದ ಸೀಮೆಯಲ್ಲಿ ಹದಿನಾಲ್ಕು ಎಕರೆ ಮಾಡುತ್ತಿದ್ದರು. ಒಂದೇ ಬೆಳೆ ಹಾಕುತ್ತಿರಲಿಲ್ಲ. ಸಜ್ಜೆಯ ನಡುವೆ ತೊಗರಿಯ ಸಾಲು, ಹೆಸರು, ಎಳ್ಳು, ಬದುವಿಗೆ ಪುಂಡಿ. ಅಕ್ಕಡಿ ಅನ್ನುತ್ತಿದ್ದರು ಅದಕ್ಕೆ. ಒಂದು ಹೋದರೆ ಒಂದು ಕೈ ಹಿಡಿಯುತ್ತಿತ್ತು. ನಮ್ಮ ಕಾಲಕ್ಕೆ ಕಲಬುರಗಿ ತೊಗರಿಯ ಕಣಜ ಆಯಿತು, 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಗುರುತೂ ಸಿಕ್ಕಿತು. ಹೊಲಕ್ಕೆ ಹೊಲವೇ ತೊಗರಿಯಾಯಿತು. 2022ರ ಹಂಗಾಮಿನಲ್ಲಿ ಮಳೆ ಹೆಚ್ಚಾಗಿ ನೆಟೆ ರೋಗ ಬಂತು. ಹೂವು ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗಿತು. ಬೇರು ಸೀಳಿ ನೋಡಿದರೆ ಒಳಗೆ ಕಪ್ಪು. ಅಕ್ಕಡಿ ಸಾಲು ಬಿಡದೇ ಇದ್ದವರು ಅಷ್ಟಿಷ್ಟು ಉಳಿದರು.

ಅದೇ 2022ರಲ್ಲಿ ವಿಪ್ರೋ ಷೇರಿಗೂ ನೆಟೆ ಬಡಿಯಿತು. ಜನವರಿಯಲ್ಲಿ 700 ರೂಪಾಯಿ ದಾಟಿದ್ದ ಷೇರು ಡಿಸೆಂಬರಿಗೆ 400ರ ಕೆಳಗೆ ಬಂತು. ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಶೇ. 45 ಹೋಯಿತು. ಅಂದರೆ ಆ ಇಡುಗಂಟಿನ ಬಹುದೊಡ್ಡ ಪಾಲು ಕಾಗದದ ಮೇಲೆ ಹೆಚ್ಚುಕಡಿಮೆ ಅರ್ಧಕ್ಕೆ ಬಂದು ನಿಂತಿತು. ಇದು ಮೊದಲ ಸಲವೂ ಅಲ್ಲ. 2000ದ ಫೆಬ್ರವರಿಯಲ್ಲಿ ಆಕಾಶ ಮುಟ್ಟಿದ್ದ ಇದೇ ಷೇರು ಮರುವರ್ಷ ನೆಲಕ್ಕೆ ಬಂದಿತ್ತು.

ವಿಪ್ರೋದ ಆದಾಯದ ಅರ್ಧಕ್ಕೂ ಹೆಚ್ಚು ಅಮೆರಿಕಾದಿಂದ ಬರುತ್ತದೆ. ಅಲ್ಲಿಯ ಒಂದು ಬ್ಯಾಂಕು, ಒಂದು ವಿಮಾ ಕಂಪನಿ ಈ ವರ್ಷ ಹೊಸ ಸಾಫ್ಟ್‌ವೇರ್ ಕೆಲಸ ಬೇಡ ಅಂದರೆ, ಇಲ್ಲವೇ ಇನ್ನೂರು ಜನ ಮಾಡುವ ಕೆಲಸವನ್ನು ಯಂತ್ರಬುದ್ಧಿ ಇಪ್ಪತ್ತು ಜನರಿಂದ ಮಾಡಿಸಿದರೆ, ಲಾಭ ಇಳಿಯುತ್ತದೆ. ಲಾಭ ಇಳಿದರೆ ಡಿವಿಡೆಂಡ್ ಇಳಿಯುತ್ತದೆ. ಕಂಪನಿ ತನ್ನ ಷೇರನ್ನು ತಾನೇ ತಿರುಗಿ ಕೊಳ್ಳುವುದೂ ಇದೆ, 2023ರಲ್ಲಿ 12,000 ಕೋಟಿಯಷ್ಟು ಕೊಂಡಿತು. ಹಾಗೆ ಕೊಂಡಾಗ ಪ್ರವರ್ತಕರ ಪಾಲಿಗೆ, ಅವರಿಂದ ಇಡುಗಂಟಿಗೆ ನಗದು ಹರಿಯುತ್ತದೆ. ಆ ಹರಿವೂ ಲಾಭವನ್ನೇ ನಂಬಿದೆ. ನ್ಯೂಯಾರ್ಕಿನಲ್ಲಿ ಯಾರೋ ಮುಂದೂಡಿದ ಒಂದು ಗುತ್ತಿಗೆಗೂ ಆ ಎರೆಭೂಮಿ ಊರಿನ ಶಾಲೆಯ ತಟ್ಟೆಗೂ ಹೀಗೊಂದು ದಾರ ಇದೆ.

ಪ್ರೇಮ್‌ಜಿ ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು. ಅದಕ್ಕೇ ಅಕ್ಕಡಿ ಸಾಲು ಹಾಕಿದ್ದಾರೆ. ಪ್ರೇಮ್‌ಜಿ ಇನ್ವೆಸ್ಟ್ ಅನ್ನುವ ಅವರ ಹೂಡಿಕೆ ಸಂಸ್ಥೆ ಈ ಹಣವನ್ನು ಬೇರೆ ಬೇರೆ ಕಡೆ ಬಿತ್ತುತ್ತ ಬಂದಿದೆ: ಮಿಂತ್ರಾ, ಫ್ಲಿಪ್‌ಕಾರ್ಟ್, ಫ್ಯಾಬ್‌ಇಂಡಿಯಾ, ಲೆನ್ಸ್‌ಕಾರ್ಟ್. ಷೇರುಪೇಟೆಗೆ ಇನ್ನೂ ಬಾರದ ಕಂಪನಿಗಳಲ್ಲಿ ಹಾಕಿದ ಹಣ ಬೇಕೆಂದಾಗ ಬರುವುದಿಲ್ಲ. ಫ್ಯಾಬ್‌ಇಂಡಿಯಾ ಷೇರುಪೇಟೆಗೆ ಬರಲು ಅರ್ಜಿ ಹಾಕಿ, ಪೇಟೆಯ ಗಾಳಿ ಸರಿಯಿಲ್ಲವೆಂದು 2023ರ ಫೆಬ್ರವರಿಯಲ್ಲಿ ಹಿಂದೆ ತೆಗೆದುಕೊಂಡಿತು. ಹೊಲದಲ್ಲಿ ಬೆಳೆ ನಿಂತಿದೆ, ಆದರೆ ರಾಶಿ ಮಾಡಲು ಹದ ಬಂದಿಲ್ಲ, ಅಂಥ ಸ್ಥಿತಿ.

ಇಷ್ಟೆಲ್ಲ ಆದರೂ ಆ ಇಡುಗಂಟು ನಾಳೆಯೇ ಬರಿದಾಗುವುದಿಲ್ಲ. ಒಂದೂವರೆ ಲಕ್ಷ ಕೋಟಿಯ ಗಂಟಿಗೆ ವರ್ಷದ ಐನೂರು ಕೋಟಿ ಯಾವ ಭಾರ? ಹಾಗಿದ್ದರೆ ಅಪಾಯ ಯಾರಿಗೆ?

ಮುಖ್ಯಗುರುಗಳಿಗೆ. ಆರು ರೂಪಾಯಿಯಲ್ಲಿ ತತ್ತಿ ಕೊಳ್ಳಬೇಕು, ತರಿಸಬೇಕು, ಕುದಿಸುವ ಗ್ಯಾಸು, ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಚಳಿಗಾಲ ಬಂದರೆ ಹೊಸಪೇಟೆಯ ತತ್ತಿ ಪೇಟೆಯ ದರ ಏರುತ್ತದೆ, ನಮ್ಮ ಊರಿನ ಅಂಗಡಿಯಲ್ಲಿ ಬರೀ ತತ್ತಿಯೇ ಏಳಕ್ಕೆ ಹೋಗುತ್ತದೆ. ನನಗೆ ಗೊತ್ತಿರುವ ಒಬ್ಬ ಮುಖ್ಯಗುರುಮಾತೆ ಅಫಜಲಪುರ ಕಡೆಯವರು. ಪುಷ್ಯ ಮಾಸ ಒಂದರಲ್ಲೇ ಎರಡು ಸಾವಿರದ ಮೇಲೆ ಕೈಯಿಂದ ಹಾಕಿದ್ದಾರೆ. ವಹಿಯಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಿದ್ದಾರೆ, ಪೆನ್ನಿನಿಂದ ಬರೆದರೆ ಲೆಕ್ಕ ತಪಾಸಣೆಗೆ ತಕರಾರಾಗುತ್ತದೆ ಅಂತ. ಕೋಟ್ಯಧೀಶರ ಹೂಡಿಕೆಯ ಅಪಾಯ ನೋಡಿಕೊಳ್ಳಲು ತಜ್ಞರಿದ್ದಾರೆ. ತತ್ತಿಯ ದರದ ಅಪಾಯವನ್ನು ಹೊತ್ತವರು ಈ ತಾಯಿ. ದಾನಿಯೂ ದರ ನಿಗದಿ ಮಾಡಿದರು, ಸರಕಾರವೂ ನಿಗದಿ ಮಾಡಿತು. ಕೋಳಿ ಮಾತ್ರ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ.

ಇನ್ನು ಪ್ರಭಾವ. ಈ ಪ್ರತಿಷ್ಠಾನ ನಮ್ಮ ಭಾಗಕ್ಕೆ ತತ್ತಿ ಹಿಡಿದುಕೊಂಡು ಬಂದದ್ದಲ್ಲ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ಶುರು ಮಾಡಿತು. ಶಾಲೆಗಳು ತಾವಾಗಿ ಮುಂದೆ ಬರಬೇಕು, ಮಕ್ಕಳು ನಿಜವಾಗಿ ಕಲಿತಿದ್ದಾರೆಯೇ ಅಂತ ಪರೀಕ್ಷೆ, ಗೆದ್ದ ಶಾಲೆಗೆ ಬಹುಮಾನ. ನಾವು ಮಾಸ್ತರರು ಅಂಜಿದ್ದು ನಿಜ, ಬಹಳ ಶಾಲೆಗಳು ಹೆಸರು ಕೊಡಲೇ ಇಲ್ಲ. ಕೊಟ್ಟವರಲ್ಲಿ ನಾನೂ ಒಬ್ಬ. ಬಾಯಿಪಾಠ ಒಪ್ಪಿಸುವುದೇ ಕಲಿಕೆ ಅಂದುಕೊಂಡಿದ್ದ ನನಗೆ ಆ ಪ್ರಶ್ನೆಪತ್ರಿಕೆ ಕಣ್ಣು ತೆರೆಸಿತು. ಸುರಪುರದಲ್ಲಿ ಮಕ್ಕಳಸ್ನೇಹಿ ಶಾಲೆಯ ಕೆಲಸ ನಡೆಯಿತು, ಆಮೇಲೆ ಯಾದಗಿರಿ, ಕಲಬುರಗಿಯಲ್ಲಿ ಶಿಕ್ಷಕರ ಜೊತೆ ಕೂತು ಕೆಲಸ ಮಾಡುವ ಕೇಂದ್ರಗಳು ಬಂದವು. ಒಳ್ಳೆಯ ಹುಡುಗರು, ಹುಡುಗಿಯರು, ನಮ್ಮ ಹಳ್ಳಿಗಳಲ್ಲಿ ಬಾಡಿಗೆ ಮನೆ ಹಿಡಿದು ಇದ್ದವರು. ಅವರ ಋಣ ನನ್ನ ಮೇಲಿದೆ.

ಆದರೆ ಒಂದನ್ನು ಗಮನಿಸಿ. ಮಕ್ಕಳ ತಟ್ಟೆಗೆ ತತ್ತಿ ಬೇಕೋ ಬೇಡವೋ ಅನ್ನುವ ಜಗಳ ನಮ್ಮಲ್ಲಿ ಬಹಿರಂಗವಾಗಿ ನಡೆದಿತ್ತು. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳಲ್ಲಿ ಸರಕಾರ ತತ್ತಿ ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ನಮಗೆ ತತ್ತಿ ಬೇಕೇ ಬೇಕು ಅಂತ ಎದ್ದು ನಿಂತು ಮಾತಾಡಿದ್ದನ್ನು ನಾಡೆಲ್ಲ ನೋಡಿತು. ಅದು ನಮ್ಮ ಜಗಳ, ನಾವೇ ಮಾಡಿ ನಾವೇ ಮುಗಿಸಿದ್ದು. ಎರಡು ದಿನ ಆರು ದಿನ ಆದದ್ದು ಮಾತ್ರ ಒಂದು ಒಪ್ಪಂದದ ಕಾಗದದಲ್ಲಿ. ಫಲ ಒಳ್ಳೆಯದಾಯಿತು, ನಾನು ಸಂತೋಷಪಟ್ಟವನೇ. ಒಳ್ಳೆಯದನ್ನು ಸಹಿಯಿಂದ ತರಬಹುದಾದರೆ ಸಹಿಯಿಲ್ಲದೇ ನಿಲ್ಲಿಸಲೂಬಹುದು. ನಮ್ಮ ಮಕ್ಕಳ ಬಗೆಗಿನ ತೀರ್ಮಾನ ಎಲ್ಲಿ ಆಗಬೇಕೋ ಅಲ್ಲಿಂದ ಒಂದು ಹೆಜ್ಜೆ ಆಚೆ ಹೋಯಿತು. ಇನ್ನೊಂದು, ಬಹಳಷ್ಟು ಸ್ವಯಂಸೇವಾ ಸಂಸ್ಥೆಗಳೂ ಇಂಥ ದೊಡ್ಡ ಕೈಗಳ ಅನುದಾನದಲ್ಲೇ ಬದುಕುತ್ತಿವೆ. ದಾನಿಯ ಲೆಕ್ಕದಲ್ಲಿ ತಪ್ಪು ಕಂಡರೆ ಹೇಳುವವರು ಯಾರು? ಪ್ರೇಮ್‌ಜಿ ಸಜ್ಜನರು, ಸರಿ. ಮುಂದೆ ಬರುವ ದಾನಿಯೂ ಸಜ್ಜನನೇ ಆಗಿರಬೇಕೆಂದು ಯಾವ ಕಾನೂನಿದೆ?

ಕೊಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹದಿನೆಂಟನೇ ಶತಮಾನದಲ್ಲಿ ಹುಟ್ಟಿದ ಶರಣಬಸವೇಶ್ವರರು ಒಕ್ಕಲುತನ ಮಾಡುತ್ತಲೇ ದಾಸೋಹ ನಡೆಸಿದವರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೇ ನೀರಿಟ್ಟರು ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಆ ದಾಸೋಹಕ್ಕೂ ಅಪಾಯ ಇತ್ತು, ಬರಗಾಲದ ಅಪಾಯ. ಆದರೆ ಮಳೆ ಹೋದರೆ ಕೊಡುವವನ ಮನೆಯ ಹಗೇವೂ ಬರಿದು, ಉಣ್ಣುವವನ ಹೊಟ್ಟೆಯೂ ಬರಿದು. ಇಬ್ಬರೂ ಒಂದೇ ಆಕಾಶ ನೋಡುತ್ತಿದ್ದರು. ಇವತ್ತು ಕೊಡುವವರ ಆಕಾಶ ಬೇರೆ. ಅದು ದಾನಿಯ ತಪ್ಪಲ್ಲ, ಹಣ ಈಗ ಹುಟ್ಟುವ ಬಗೆಯೇ ಹಾಗಿದೆ.

ದಾಸೋಹ ಅನ್ನುವ ಮಾತನ್ನು ಸರಕಾರವೂ ನಮ್ಮಿಂದಲೇ ಎತ್ತಿಕೊಂಡಿತು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಯಲ್ಲಿ ಬೇಯಿಸಿದ ಊಟ ಕೊಡಲೇಬೇಕು ಅಂತ ಆದೇಶ ಮಾಡಿದ ಮೇಲೆ, 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ಈ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲೇ. ಪ್ರಾದೇಶಿಕ ಅಸಮತೋಲನ ಅಳೆದು ಅದೇ ವರ್ಷ ಬಂದ ನಂಜುಂಡಪ್ಪ ಸಮಿತಿಯ ವರದಿ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಇಟ್ಟಿತು. ಕೋರ್ಟಿನ ಆ ಆದೇಶದಿಂದ ಊಟ ದಯೆ ಆಗಿ ಉಳಿಯಲಿಲ್ಲ, ಹಕ್ಕಾಯಿತು. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಆ ತಟ್ಟೆಯಲ್ಲಿ ಅನ್ನ, ಸಾಂಬಾರು ಹಕ್ಕು. ನಾಲ್ಕು ದಿನದ ತತ್ತಿ ಮಾತ್ರ ಇನ್ನೂ ದಾನ.

ಇಡುಗಂಟಿನ ಲೆಕ್ಕ ನಾನೂ ಹಾಕಿ ನೋಡಿದೆ. ಶೇ. 7ರ ಬಡ್ಡಿ ಹಿಡಿದರೆ ವರ್ಷಕ್ಕೆ 500 ಕೋಟಿ ಹುಟ್ಟಲು ಸುಮಾರು 7,100 ಕೋಟಿಯ ಅಸಲು ಬೇಕು. ಪ್ರೇಮ್‌ಜಿಯವರ ಗಂಟಿನ ಇಪ್ಪತ್ತರಲ್ಲಿ ಒಂದು ಪಾಲು. ಅವರು ಅಷ್ಟನ್ನೂ ತತ್ತಿಗೆಂದೇ ಎತ್ತಿಟ್ಟರೂ ಸಾಲದು ಅನ್ನುವುದನ್ನು ಈ ವೇದಿಕೆಯ ಐವತ್ತು ಸಾವಿರ ನಮಗೆ ಕಲಿಸಿದೆ. ತತ್ತಿಯ ಬೆಲೆ ಏರುತ್ತದೆ, ಬಡ್ಡಿ ಏರುವುದಿಲ್ಲ.

ಇನ್ನೊಂದು ಇಡುಗಂಟು ಇದೆ, ಅದಕ್ಕೆ ವರ್ಷವರ್ಷ ನಾವೇ ತುಂಬುತ್ತೇವೆ. 2024–25ರ ರಾಜ್ಯ ಬಜೆಟ್ಟಿನ ಗಾತ್ರ 3,71,383 ಕೋಟಿ. ಇಡೀ ನಾಡಿನ ಮಕ್ಕಳ ಈ ನಾಲ್ಕು ದಿನದ ತತ್ತಿಗೆ ಬೇಕಾದದ್ದು ಅದರಲ್ಲಿ ನೂರು ರೂಪಾಯಿಗೆ ಹದಿನಾಲ್ಕು ಪೈಸೆಯೂ ಅಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಟ್ಟಿದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಅದೇ ವರ್ಷ ಎತ್ತಿಟ್ಟದ್ದು 5,000 ಕೋಟಿ. ಅದರ ಕಚೇರಿ ನಮ್ಮ ಕಲಬುರಗಿಯಲ್ಲೇ ಇದೆ. ಸಿಮೆಂಟಿಗೆ ಸಿಗುವ ಹಣ ತತ್ತಿಗೆ ಯಾಕೆ ಸಿಗುವುದಿಲ್ಲ?

ಪ್ರೇಮ್‌ಜಿಯವರ ಹಣ ಬೇಡ ಅನ್ನುತ್ತಿಲ್ಲ. ಮೂರು ವರ್ಷದ ಒಪ್ಪಂದ ಅಂದರೆ ಮೂರು ವರ್ಷದ ಬಿಡುವು. ಸಿರಿವಂತನ ಹಣಕ್ಕೆ ತಕ್ಕ ಕೆಲಸ ಅದೇ: ಸರಕಾರ ಕೈ ಹಾಕಲು ಅಂಜುವುದನ್ನು ಮಾಡಿ ತೋರಿಸುವುದು, ಆಮೇಲೆ ಸರಕಾರದ ಕೈಗೆ ಒಪ್ಪಿಸುವುದು. ಆ ಒಪ್ಪಿಸಿಕೊಳ್ಳುವ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ. 2027ರಲ್ಲಿ ಅವಧಿ ಮುಗಿಯುತ್ತದೆ. ಆಗ ಇನ್ನೊಂದು ಮನವಿ ಪತ್ರ ಹಿಡಿದು ಬೆಂಗಳೂರಿಗೆ ಹೋಗಿ ನಿಲ್ಲುವುದು ನಮ್ಮ ಯೋಜನೆ ಆಗಬಾರದು.

ದೀಪಾವಳಿ ಕಳೆದರೆ ಅಫಜಲಪುರ, ಆಳಂದದ ಹಳ್ಳಿಗಳಿಂದ ಕಬ್ಬು ಕಡಿಯಲು, ಪುಣೆ–ಮುಂಬಯಿಯ ಕಟ್ಟಡದ ಕೆಲಸಕ್ಕೆ ಗುಳೆ ಹೊರಡುತ್ತಾರೆ. ಕೂಸುಗಳನ್ನು ಮುತ್ಯಾ–ಆಯಿಯ ಹತ್ತಿರ ಬಿಟ್ಟು ಹೋಗುವವರು ಈಗ ಹೆಚ್ಚಾಗಿದ್ದಾರೆ. ಯಾಕೆ ಬಿಟ್ಟಿರಿ ಅಂತ ಒಬ್ಬ ತಾಯಿಯನ್ನು ಕೇಳಿದೆ. "ಸಾಲ್ಯಾಗ ದಿನಾ ಉಂಡು, ತತ್ತಿ ತಿಂದು ಇರ್ತಾವ್ರಿ ಸರ" ಅಂದಳು. ಆರು ದಿನ ಅನ್ನುವ ಲೆಕ್ಕ ಹಿಡಿದೇ ಅವಳು ಮಗುವನ್ನು ಊರಲ್ಲಿ ಬಿಟ್ಟು ಟ್ರ್ಯಾಕ್ಟರ್ ಹತ್ತಿದ್ದಾಳೆ.

ಬರುವ ಶನಿವಾರ ಆ ಎರೆಭೂಮಿ ಊರಿನ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ ಇದೆ. ಠರಾವಿನ ಕರಡು ನಾನು ಬರೆದುಕೊಟ್ಟಿದ್ದೇನೆ, ಎರಡೇ ಸಾಲು. ಆರು ದಿನದ ತತ್ತಿಯನ್ನು 2027ರ ನಂತರ ರಾಜ್ಯದ ಬಜೆಟ್ಟಿನಲ್ಲೇ ಇಡಬೇಕು, ದರವನ್ನು ಪೇಟೆಯ ದರಕ್ಕೆ ತಕ್ಕಂತೆ ತಿಂಗಳು ತಿಂಗಳು ಏರಿಸಬೇಕು. ಅಡುಗೆಯ ಅಕ್ಕ ಸಮಿತಿಯ ಸದಸ್ಯಳಲ್ಲ, ಆದರೆ ಸಭೆಗೆ ಕೂತಿರುತ್ತೇನೆ ಅಂದಿದ್ದಾಳೆ. ಕರಡಿನ ಪ್ರತಿಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಮೂರೂ ತಾಲೂಕಿನವರು ಇದ್ದೀರಿ, ಹೋಗುವಾಗ ನಿಮ್ಮ ಶಾಲೆಗೊಂದು ಒಯ್ಯಿರಿ.